ಮೇಲ್ ಸರ್ವರ್ ಬದಲಿಸಿದ ಮೇಲೆ ಕೆಲವರ ಮೇಲ್ ಮಾತ್ರ ಬರ್ತಿಲ್ಲ, ಕಳಿಸಿದವರಿಗೆ ವಾಪಸೂ (ಬೌನ್ಸ್) ಹೋಗ್ತಿಲ್ಲ. ಎಲ್ಲಿಗೆ ಹೋಗ್ತಿವೆ?

ಹಳೇ ಹೋಸ್ಟಿಂಗ್ ಪ್ಲಾನನ್ನು ಈ ವಾರವೇ ನಿಲ್ಲಿಸ್ತೀವಿ ಅಂತ ಬರೆದಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ನಿಮಗೆ ಸಿಗದ ಮೇಲ್‌ಗಳು ಬಹುಶಃ ಅಲ್ಲೇ ಕೂತಿವೆ.

ನೀವು ಹೇಳಿದ್ದು ಇಷ್ಟು: ಎಂಎಕ್ಸ್ (ಡೊಮೇನಿನ ಮೇಲ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳೋ ಸಾಲು) ಬದಲಿಸಿ ಮೂರು ದಿನ ಆಯ್ತು. ಹೊರಗಿನವರ ಮೇಲ್ ಬರ್ತಿದೆ, ನಿಮ್ಮದೇ ವೆಬ್‌ಸೈಟಿನ ಫಾರ್ಮಿನಿಂದ ಬರಬೇಕಾದದ್ದು ಮತ್ತು ಚಿತ್ರದುರ್ಗದ ಒಬ್ಬ ಗಿರಾಕಿಯ ಮೇಲ್ ಮಾತ್ರ ಇಲ್ಲ. ‘ಡಿಎನ್‌ಎಸ್ ಹರಡೋಕೆ ಟೈಮ್ ಬೇಕು’ (ಅಂದರೆ ಡೊಮೇನ್ ವಿಳಾಸಗಳ ಪಟ್ಟಿಯ ಬದಲಾವಣೆ ಎಲ್ಲ ಕಡೆ ಮುಟ್ಟೋಕೆ) ಅನ್ನೋ ಮಾಮೂಲಿ ಉತ್ತರವನ್ನು ನಾನು ಒಪ್ಪಲ್ಲ. ಟಿಟಿಎಲ್ (ಹಳೇ ವಿಳಾಸವನ್ನು ಬೇರೆ ಸರ್ವರುಗಳು ನೆನಪಿಟ್ಟುಕೊಳ್ಳೋ ಅವಧಿ) 86400 ಇತ್ತು ಅಂದಿರಿ, ಅದು ಸೆಕೆಂಡಿನ ಲೆಕ್ಕ, ಅಂದರೆ 24 ಗಂಟೆ. ಅದು ಯಾವಾಗಲೋ ಮುಗಿದಿದೆ.

ದಾವಣಗೆರೆ ಎಪಿಎಂಸಿ ಹತ್ತಿರ ಒಂದು ಮೆಕ್ಕೆಜೋಳದ ಮಂಡಿ ಆಫೀಸಿನಲ್ಲಿ ನನಗೆ ಇದೇ ಆಗಿತ್ತು. 22 ಮೇಲ್ ಖಾತೆ. ಜಿಎಸ್‌ಟಿ ರಿಟರ್ನಿನ 20ನೇ ತಾರೀಕು ಕಳೆಯಲಿ ಅಂತ ಕಾದು, ಶನಿವಾರ ಸಂಜೆ ಬದಲಿಸಿದೆ. ಸೋಮವಾರ ಎಲ್ಲ ನೆಟ್ಟಗಿತ್ತು. ಬುಧವಾರ ಸಾವ್ಕಾರ್ರು ಕರೆದು, ‘ತಮ್ಮಾ, ನಮ್ಮಣ್ಣನ ಮಿಲ್ಲಿನಿಂದ ಮೂರು ಸಲ ಲಾರಿ ವಿವರ ಕಳಿಸಿದಾರಂತೆ, ಒಂದೂ ಬಂದಿಲ್ಲವಲ್ಲ’ ಅಂದರು. ಸ್ಪ್ಯಾಮ್ ನೋಡಿದೆ, ಹೊಸ ಸರ್ವರಿನ ಲಾಗ್ ನೋಡಿದೆ. ಆ ಮೇಲ್ ಅಲ್ಲಿಯ ಬಾಗಿಲನ್ನೇ ತಟ್ಟಿರಲಿಲ್ಲ. ರಾತ್ರಿ ಹತ್ತರವರೆಗೆ ಹುಡುಕಿದ ಮೇಲೆ ಹೊಳೆಯಿತು: ಅಣ್ಣನ ಮಿಲ್ಲಿನ ಡೊಮೇನೂ ಅದೇ ಹಳೇ ಹೋಸ್ಟಿಂಗ್ ಸರ್ವರಿನಲ್ಲೇ ಇದೆ!

ಆ ಸರ್ವರ್ ಎಂಎಕ್ಸ್ ಕೇಳೋಕೇ ಹೋಗಲ್ಲ. ನಿಮ್ಮ ಡೊಮೇನ್ ಇನ್ನೂ ತನ್ನದೇ ಅಂತ ಅದರ ಪಟ್ಟಿಯಲ್ಲಿದೆ. ಒಂದೇ ಮನೆಯೊಳಗಿನವರಿಗೆ ಬರೆದ ಕಾಗದವನ್ನು ಯಾರೂ ಅಂಚೆ ಡಬ್ಬಿಗೆ ಹಾಕಲ್ಲ ನೋಡಿ, ಹಾಗೇ ಹಳೇ ಡಬ್ಬಿಗೇ ತಲುಪಿಸಿ ಸುಮ್ಮನಾಗುತ್ತೆ. ಅದರ ಮಟ್ಟಿಗೆ ಮೇಲ್ ಮುಟ್ಟಿಯಾಯ್ತು, ಅದಕ್ಕೇ ಬೌನ್ಸ್ ಇಲ್ಲ. ನಿಮ್ಮ ವೆಬ್‌ಸೈಟ್ ಅಲ್ಲೇ ಇರೋದರಿಂದ ಫಾರ್ಮಿನಿಂದ ಬರೋ ಇಮೇಲೂ ಅಲ್ಲೇ ಉಳಿಯುತ್ತೆ. ಆ ಗಿರಾಕಿಯ ಡೊಮೇನೂ ಅದೇ ಸರ್ವರಿನಲ್ಲಿದೆಯಾ ಅಂತ ಒಮ್ಮೆ ವಿಚಾರಿಸಿ.

ಹಳೇ ಹೋಸ್ಟಿಂಗಿನಲ್ಲಿ ಸಿಪ್ಯಾನೆಲ್ (ಹೋಸ್ಟಿಂಗ್ ನಿರ್ವಹಿಸೋ ಪುಟ) ಇದ್ದರೆ ‘ಇಮೇಲ್ ರೂಟಿಂಗ್’ ತೆಗೆದು, ‘ಲೋಕಲ್ ಮೇಲ್ ಎಕ್ಸ್‌ಚೇಂಜರ್’ ಅಂತ ಇರೋದನ್ನು ‘ರಿಮೋಟ್’ ಮಾಡಿ. ಕೆಲಸ ಇಷ್ಟೇ, ಅರ್ಧ ನಿಮಿಷ. ಹಾಗೇ ಎಂಎಕ್ಸ್ ಪಟ್ಟಿಯಲ್ಲಿ ಹಳೇ ಸರ್ವರನ್ನು ಎರಡನೇ ಆದ್ಯತೆಗೆ ಇಟ್ಟಿದ್ದರೆ ಅಳಿಸಿಬಿಡಿ. ಹೊಸದು ಒಂದು ಕ್ಷಣ ಸಿಗದಿದ್ದರೂ ಮೇಲ್ ಅಲ್ಲಿಗೆ ಹೋಗುತ್ತೆ.

ಆಮೇಲೆ ಹಳೇ ವೆಬ್‌ಮೇಲಿಗೆ ಹೋಗಿ. ನಿಮ್ಮ ಡೊಮೇನಿನ ವೆಬ್‌ಮೇಲ್ ವಿಳಾಸ ಈಗ ಹೊಸ ಸರ್ವರಿಗೆ ತೋರಿಸ್ತಿರಬಹುದು, ಅದಕ್ಕೆ ಹಳೇ ಸರ್ವರಿನ ಸ್ವಂತ ಹೆಸರು ಹಾಕಿ ಪೋರ್ಟ್ 2096ರಲ್ಲಿ ತೆರೆಯಿರಿ. ನಮ್ಮಲ್ಲಿ 46 ಮೇಲ್ ಸಿಕ್ಕವು, ಲಾರಿ ವಿವರ ಮೂರೂ ಇದ್ದವು. ಹಳೇ ಮೇಲನ್ನು ಐಮ್ಯಾಪ್‌ಸಿಂಕ್‌ನಲ್ಲಿ (ಒಂದು ಸರ್ವರಿನಿಂದ ಇನ್ನೊಂದಕ್ಕೆ ಮೇಲ್ ನಕಲಿಸೋ ಪ್ರೋಗ್ರಾಂ) ತಂದಿದ್ದರೆ ಅದನ್ನೇ ಇನ್ನೊಂದು ಸಲ ಓಡಿಸಿ, ಆಗಲೇ ಬಂದಿರೋ ಮೇಲನ್ನು ಅದು ಮತ್ತೆ ತರಲ್ಲ. ಅಳಿಸುವ ಆಯ್ಕೆ ಯಾವುದನ್ನೂ ಮಾತ್ರ ಹಾಕಬೇಡಿ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ನಿಮ್ಮ ಹಿರಿಯ ಗುಮಾಸ್ತರು ಯಾರಾದರೂ ಔಟ್‌ಲುಕ್‌ನಲ್ಲಿ ಪಾಪ್ (ಮೇಲನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳೋ ವಿಧಾನ) ಬಳಸ್ತಿದಾರಾ ನೋಡಿ. ನಮ್ಮ ಮಂಡಿಯ ಲೆಕ್ಕದವರ ಡಬ್ಬಿ ಸರ್ವರಿನಲ್ಲಿ ಖಾಲಿ ಇತ್ತು. ‘ಸರ್ವರಿನಲ್ಲಿ ಪ್ರತಿ ಉಳಿಸು’ ಅನ್ನೋದಕ್ಕೆ ಟಿಕ್ ಹಾಕಿರಲಿಲ್ಲ, ಅವರ ಒಂಬತ್ತು ವರ್ಷದ ಮೇಲ್ ಪೂರ್ತಿ ಆ ಒಂದು ಕಂಪ್ಯೂಟರಿನಲ್ಲಿ, ಔಟ್‌ಲುಕ್ ಮೇಲ್ ಕೂಡಿಡೋ ಪಿಎಸ್‌ಟಿ ಫೈಲಿನಲ್ಲಿತ್ತು. ಅದೇ ಯಂತ್ರವನ್ನು ಫಾರ್ಮ್ಯಾಟ್ ಮಾಡಿಸೋಕೆ ಪಿ.ಬಿ. ರಸ್ತೆಯ ಅಂಗಡಿಗೆ ಕಳಿಸೋ ಯೋಚನೆಯಲ್ಲಿದ್ದರು. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತೆ. ಮೊದಲು ಪಿಎಸ್‌ಟಿಯ ಪ್ರತಿ ತೆಗೆದಿಟ್ಟುಕೊಳ್ಳಿ, ಆಮೇಲೆ ಅದೇ ಔಟ್‌ಲುಕ್‌ಗೆ ಹೊಸ ಖಾತೆಯನ್ನು ಐಮ್ಯಾಪ್ (ಮೇಲ್ ಸರ್ವರಿನಲ್ಲೇ ಉಳಿಯೋ ವಿಧಾನ) ಆಗಿ ಸೇರಿಸಿ, ಫೋಲ್ಡರುಗಳನ್ನು ಅದರೊಳಗೆ ಕಾಪಿ ಮಾಡಿ. ಬಹಳ ಹೊತ್ತು ಹಿಡಿಯುತ್ತೆ, ರಾತ್ರಿ ಬಿಟ್ಟು ಹೋಗಿ.

ನೀವು ಕಳಿಸಿದ್ದು ಕೆಲವರ ಸ್ಪ್ಯಾಮಿಗೆ ಬೀಳ್ತಿರೋದು ಬೇರೆ ವಿಷಯ. ಹಳೇ ಎಸ್‌ಪಿಎಫ್ ಸಾಲನ್ನು (ನಿಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅಂತ ಹೇಳೋದು) ಹಾಗೇ ಬಿಟ್ಟು ಪಕ್ಕದಲ್ಲಿ ಹೊಸದು ಸೇರಿಸಿದ್ದೀರಿ. ಒಂದು ಡೊಮೇನಿಗೆ ಎಸ್‌ಪಿಎಫ್ ಒಂದೇ ಇರಬೇಕು, ಎರಡಿದ್ದರೆ ಎರಡೂ ಕೆಟ್ಟ ಹಾಗೆ. ಒಂದೇ ಸಾಲಿಗೆ ಸೇರಿಸಿ, ಹೊಸ ಸರ್ವರಿನ ಡಿಕಿಮ್ ಕೀಲಿಯನ್ನೂ (ಮೇಲ್ ನಿಮ್ಮದೇ ಅಂತ ತೋರಿಸೋ ಸಹಿಯದು) ಡಿಎನ್‌ಎಸ್‌ಗೆ ಹಾಕಿ.

ರೂಟಿಂಗ್ ಬದಲಿಸಿದ ಮೇಲೆ ವೆಬ್‌ಸೈಟಿನ ಫಾರ್ಮನ್ನು ನೀವೇ ಒಂದು ಸಲ ತುಂಬಿ ಕಳಿಸಿ ನೋಡಿ. ಅದು ಹೊಸ ಇನ್‌ಬಾಕ್ಸಿಗೂ ಬರದೆ, ಹಳೇ ಡಬ್ಬಿಯಲ್ಲೂ ಇಲ್ಲದಿದ್ದರೆ ಹಳೇ ಸರ್ವರಿನ ಮೇಲ್ ಲಾಗಿನಲ್ಲಿ ಆ ಹೊತ್ತಿನ ನಾಲ್ಕು ಸಾಲು ಇಲ್ಲಿ ಹಾಕಿ, ನೋಡಿ ಹೇಳ್ತೀನಿ.