ಬ್ಲೂಗಿಲ್, ಕ್ರಾಪಿ ಹಿಡಿಯಲು ಎಂಥ ಗಾಳ, ಎಂಥ ಲೂರ್ ತಗೊಳ್ಳಬೇಕು?

ನೀವು ಕೇಳಿದ್ದು ಇಷ್ಟು: ಮಿನ್ನೆಸೋಟಾಕ್ಕೆ ಹೊಸದಾಗಿ ಬಂದಿದ್ದೀರಿ, ಮನೆ ಹತ್ತಿರವೇ ಕೆರೆ ಇದೆ, ಒಂಬತ್ತು ವರ್ಷದ ಮಗಳ ಜೊತೆ ಬ್ಲೂಗಿಲ್, ಕ್ರಾಪಿಯಂಥ ಪ್ಯಾನ್‌ಫಿಶ್ ಹಿಡಿಯುವ ಆಸೆ. ಅಂಗಡಿಗೆ ಹೋದರೆ ಗೋಡೆ ತುಂಬ ಲೂರ್ (ಮೀನನ್ನು ಮರುಳು ಮಾಡುವ ನಕಲಿ ಹುಳ, ನಕಲಿ ಮೀನು) ತೂಗುಹಾಕಿದ್ದರು, ಯಾವುದು, ಯಾವ ಬಣ್ಣದ್ದು ಅಂತ ತಿಳಿಯದೆ ಬರಿಗೈಲಿ ವಾಪಸ್ ಬಂದಿರಿ.

ಬರಿಗೈಲಿ ಬಂದದ್ದೇ ಒಳ್ಳೆಯದಾಯಿತು. ನಾನು ಹಾಗೆ ಬರಲಿಲ್ಲ. ಇಲ್ಲಿನ ಮೊದಲ ಬೇಸಿಗೆಯಲ್ಲಿ ಅಂಗಡಿಯವರು ತೋರಿಸಿದ್ದನ್ನೆಲ್ಲ ಬುಟ್ಟಿಗೆ ಹಾಕಿಕೊಂಡೆ. ಏಳಡಿ ಕೋಲು, ದಪ್ಪ ದಾರ, ನಿಂಬೆಹಣ್ಣಿನ ಗಾತ್ರದ ಕೆಂಪು-ಬಿಳಿ ಬೆಂಡು, ಬೆರಳುದ್ದದ ಪ್ಲಾಸ್ಟಿಕ್ ಮೀನು. ಎಲ್ಲವೂ ಬ್ಯಾಸ್ ಎಂಬ ದೊಡ್ಡ ಮೀನು ಹಿಡಿಯುವವರ ಸಾಮಾನು. ಎರಡು ವಾರ ಕೂತೆ. ಬೆಂಡು ಮಿಸುಕುತ್ತಿತ್ತು, ಎಳೆದರೆ ಹುಳ ಮಾತ್ರ ಮಾಯ. ಕೊನೆಗೊಂದು ದಿನ ಕೆರೆಯ ಹಲಗೆಕಟ್ಟೆ ಮೇಲೆ ಬೋರಲು ಮಲಗಿ ನೀರೊಳಗೆ ಇಣುಕಿದೆ. ನೀರು ತಿಳಿಯಾಗಿತ್ತು. ಏಳೆಂಟು ಬ್ಲೂಗಿಲ್ ನನ್ನ ಹುಳದ ಸುತ್ತ ನಿಂತಿದ್ದವು. ಒಂದೊಂದಾಗಿ ಬಂದು ಹುಳದ ತುದಿ ಹೀರುತ್ತಿದ್ದವು, ಕೊಕ್ಕೆ ಬಾಯಿಗೆ ಹಿಡಿಸದೆ ಉಗುಳುತ್ತಿದ್ದವು. ಅಂಗೈ ಅಗಲದ ಮೀನು, ಬಾಯಿ ಮಾತ್ರ ಕಿರುಬೆರಳ ತುದಿಯಷ್ಟು.

ಹಾಗಾಗಿ ಬಣ್ಣ, ಬ್ರ್ಯಾಂಡ್ ಎಲ್ಲ ಆಮೇಲೆ. ಮೊದಲು ಮೀನಿನ ಬಾಯಿ ನೋಡಿ.

ಪ್ಯಾನ್‌ಫಿಶ್ ಅನ್ನೋದು ಒಂದು ಜಾತಿಯ ಹೆಸರಲ್ಲ. ಇಡೀ ಮೀನೇ ಬಾಣಲೆಯಲ್ಲಿ ಹಿಡಿಸುತ್ತದೆ ಅಂತ ಆ ಹೆಸರು. ಬ್ಲೂಗಿಲ್, ಪಂಪ್ಕಿನ್‌ಸೀಡ್, ಕ್ರಾಪಿ, ಹಳದಿ ಪರ್ಚ್ ಎಲ್ಲ ಇದರಲ್ಲೇ ಬರುತ್ತವೆ. (ಕ್ರಾಪಿಯನ್ನು ಇಂಗ್ಲಿಷ್ ಸ್ಪೆಲಿಂಗ್ ನೋಡಿಕೊಂಡು ‘ಕ್ರ್ಯಾಪಿ’ ಅಂದರೆ ನಮ್ಮ ಕಡೆ ಅಂಗಡಿಯವರು ಮುಸಿಮುಸಿ ನಗುತ್ತಾರೆ. ನನಗೆ ಆಗಿದೆ.) ಬ್ಲೂಗಿಲ್‌ನ ವಿಶ್ವದಾಖಲೆ 1950ರಲ್ಲಿ ಅಲಬಾಮಾದ ಕೆಟೋನಾ ಕೆರೆಯಲ್ಲಿ ಸಿಕ್ಕ 4 ಪೌಂಡ್ 12 ಔನ್ಸ್ ಮೀನು, ಅಂದರೆ ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿ. ನಿಮಗೂ ನನಗೂ ಸಿಗೋದು ಸಾಮಾನ್ಯವಾಗಿ ಕಾಲು ಕಿಲೋ ಒಳಗೇ. ಅದಕ್ಕೆ ತಕ್ಕ ಸಾಮಾನು ಸಾಕು.

ಕೋಲು ‘ಅಲ್ಟ್ರಾಲೈಟ್’ ಅಂತ ಬರೆದಿರುವ ಐದೂವರೆ ಅಡಿಯದು, ಜೊತೆಗೆ ದಾರ ಸುತ್ತುವ ಪುಟ್ಟ ಸ್ಪಿನ್ನಿಂಗ್ ರೀಲ್. ಎರಡೂ ಸೇರಿಸಿಯೇ ಮಾರುತ್ತಾರೆ, ದುಬಾರಿಯದ್ದು ಬೇಡ. ದಾರ 4 ಪೌಂಡ್ ಎಳೆತ ತಡೆಯುವ ಮಾನೋ, ಅಂದರೆ ಮಾಮೂಲಿ ನೈಲಾನ್ ದಾರ. ಇಷ್ಟು ತೆಳು ದಾರ ತಡೆಯುತ್ತದಾ ಅನ್ನಿಸುತ್ತದೆ. ತಡೆಯುತ್ತದೆ. ದಾರ ದಪ್ಪವಾದರೆ ಹಗುರ ಲೂರ್ ದೂರ ಹೋಗುವುದೇ ಇಲ್ಲ, ಕಾಲ ಬುಡದಲ್ಲೇ ಬೀಳುತ್ತದೆ.

ಕೊಕ್ಕೆ 8 ಅಥವಾ 10ನೇ ನಂಬರಿನದು. ಇಲ್ಲಿ ಲೆಕ್ಕ ಉಲ್ಟಾ, ನಂಬರ್ ಹೆಚ್ಚಾದಷ್ಟೂ ಕೊಕ್ಕೆ ಚಿಕ್ಕದು. ಕಾಂಡ ಉದ್ದ ಇರುವುದನ್ನೇ ಆರಿಸಿ. ಬ್ಲೂಗಿಲ್ ಹುಳವನ್ನು ಗಂಟಲಿಗಿಳಿಸಿಬಿಟ್ಟರೂ ಬಿಡಿಸಲು ಹಿಡಿತ ಸಿಗುತ್ತದೆ. ಮಗಳ ಎದುರು ಮೀನಿನ ಬಾಯಿ ಹರಿಯುವುದು ನಿಮಗೂ ಬೇಡ ಅಲ್ವಾ.

ಜಾಸ್ತಿ ಜನ ಎಡವುವುದು ಬೆಂಡಿನಲ್ಲಿ. ಆ ದುಂಡನೆ ದೊಡ್ಡ ಬೆಂಡು ಇದೆಯಲ್ಲ, ಬ್ಲೂಗಿಲ್ ಹುಳ ಹಿಡಿದು ಎಳೆದ ಕೂಡಲೇ ಅದು ಮೇಲಕ್ಕೆ ಜಗ್ಗುತ್ತದೆ. ಮೀನಿಗೆ ಅನುಮಾನ ಬಂದು ಬಿಟ್ಟುಬಿಡುತ್ತದೆ. ಪೆನ್ಸಿಲ್‌ನಂಥ ಸಣಕಲು ಬೆಂಡು ತಗೊಳ್ಳಿ. ಕೆಳಗೆ ಒಂದೊಂದೇ ಸಣ್ಣ ಗುಂಡು ಕಚ್ಚಿಸುತ್ತಾ ಹೋಗಿ, ಬೆಂಡಿನ ತುದಿಯಷ್ಟೇ ನೀರ ಮೇಲೆ ಉಳಿಯಬೇಕು. ಆಗ ಮೀನು ಉಸಿರುಬಿಟ್ಟರೂ ಗೊತ್ತಾಗುತ್ತದೆ. ಗುಂಡು ಸೀಸದ್ದು ಬೇಡ, ತವರದ್ದು ಸಿಗುತ್ತದೆ. ಇಲ್ಲಿನ ರಾಜ್ಯಪಕ್ಷಿ ಲೂನ್ ಕೆರೆಯ ತಳದ ಸೀಸ ನುಂಗಿ ಸಾಯುತ್ತದೆ.

ಸ್ವಲ್ಪ ಕೈ ಕುದುರಿದ ಮೇಲೆ ‘ಸ್ಲಿಪ್ ಬಾಬರ್’ ತಗೊಳ್ಳಿ. ಇದರಲ್ಲಿ ದಾರ ಬೆಂಡಿನೊಳಗಿಂದ ಜಾರುತ್ತದೆ, ನೀವು ಕಟ್ಟಿದ ಒಂದು ಸಣ್ಣ ಗಂಟು ಬಂದಾಗ ನಿಲ್ಲುತ್ತದೆ. ಗಂಟು ಸರಿಸಿದರೆ ಆಳ ಬದಲಾಯಿತು. ಬೇಸಿಗೆಯಲ್ಲಿ ಕಟ್ಟೆ ಬುಡದಲ್ಲಿ ಇರುವುದು ಮರಿಗಳು. ದೊಡ್ಡವು ಹತ್ತು-ಹನ್ನೆರಡು ಅಡಿ ಆಳದಲ್ಲಿ, ಜೊಂಡು ಮುಗಿಯುವ ಅಂಚಿನಲ್ಲಿ ನಿಂತಿರುತ್ತವೆ. ಐದೂವರೆ ಅಡಿ ಕೋಲಿಗೆ ಮಾಮೂಲಿ ಬೆಂಡು ಕಟ್ಟಿ ಅಷ್ಟು ಆಳ ಬಿಡಲು ಹೋದರೆ ಎಸೆಯೋಕೇ ಆಗಲ್ಲ.

ಇನ್ನು ಲೂರ್. ನಿಜ ಹೇಳಬೇಕೆಂದರೆ ಮಗಳಿಗೆ ಮೊದಲ ದಿನ ಲೂರೇ ಬೇಡ. ಎರೆಹುಳದ ಒಂದು ಇಂಚು ತುಂಡು, ಅಥವಾ ಡಬ್ಬಿಯಲ್ಲಿ ಮಾರುವ ವ್ಯಾಕ್ಸ್‌ವರ್ಮ್ ಎಂಬ ಪುಟ್ಟ ಬಿಳಿ ಹುಳ ಒಂದು. ಇಡೀ ಹುಳ ಪೋಣಿಸಬೇಡಿ, ಬಾಲ ಮೇಯ್ದುಕೊಂಡು ಹೋಗುತ್ತವೆ. ಹತ್ತು ಮೀನು ಬಂದ ಮೇಲೆ ಲೂರ್‌ಗೆ ಹೋಗಿ.

ಆಗಲೂ ಗೋಡೆಯ ಮುಂದೆ ನಿಂತು ತಲೆ ಕೆಡಿಸಿಕೊಳ್ಳಬೇಡಿ. ನಾನು ಬಳಸೋದು ಮೂರೇ. ಒಂದು, 1/32 ಔನ್ಸಿನ ಜಿಗ್. ಅಂದರೆ ಒಂದು ಗ್ರಾಂಗೂ ಕಡಿಮೆ, ಹೆಚ್ಚುಕಡಿಮೆ ಏಳು ಗುಲಗಂಜಿ ತೂಕ. ಮುಂದೆ ಲೋಹದ ಗುಂಡು ತಲೆ, ಹಿಂದೆ ಮ್ಯಾರಬೂ ಪುಕ್ಕ. ನಿಂತ ನೀರಿನಲ್ಲೂ ಆ ಪುಕ್ಕ ಉಸಿರಾಡಿದಂತೆ ಅಲುಗುತ್ತದೆ, ಅದೇ ಅದರ ಗುಟ್ಟು. ಇದನ್ನು ಬೆಂಡಿನ ಕೆಳಗೇ ಕಟ್ಟಿ. ಒಂದಡಿ ಎಳೆಯಿರಿ, ನಿಲ್ಲಿಸಿ, ಮನಸ್ಸಲ್ಲೇ ಐದು ಎಣಿಸಿ. ಎಳೆಯುವಾಗಲ್ಲ, ನಿಂತಾಗ ಕಚ್ಚುತ್ತವೆ. ಆ ಐದು ಎಣಿಸುವ ತಾಳ್ಮೆ ನನಗೆ ಬರಲು ಒಂದು ಬೇಸಿಗೆ ಹಿಡಿಯಿತು. ಎರಡನೆಯದು, ಅದೇ ತೂಕದ ಜಿಗ್‌ಗೆ ಸಿಕ್ಕಿಸುವ ಸಣ್ಣ ಪ್ಲಾಸ್ಟಿಕ್ ಟ್ಯೂಬ್. ಮೂರನೆಯದು, ಮೀನು ಎಲ್ಲಿದೆ ಅಂತ ಹುಡುಕಲು ಮೆಪ್ಸ್ ಕಂಪನಿಯದರಂಥ ತಿರುಗುವ ಸ್ಪಿನ್ನರ್, 0 ನಂಬರಿನ ಪುಟ್ಟದು. ಇದಕ್ಕೆ ಪುಟ್ಟ ಸ್ವಿವೆಲ್ (ತಿರುಗುವ ಕೊಂಡಿ) ಹಾಕದಿದ್ದರೆ ದಾರ ಹುರಿಗೊಂಡು ಗೋಜಲಾಗುತ್ತದೆ. ಬಣ್ಣ ಕೇಳಿದ್ದೀರಿ. ನೀರು ತಿಳಿ ಇದ್ದರೆ ಬಿಳಿ ಅಥವಾ ಕಪ್ಪು, ಕದಡಿದ್ದರೆ ಕಣ್ಣು ಕುಕ್ಕುವ ಹಳದಿ-ಹಸಿರು. ಉಳಿದ ಬಣ್ಣಗಳಿರೋದು ಮೀನು ಹಿಡಿಯೋಕಲ್ಲ, ನಮ್ಮನ್ನು ಹಿಡಿಯೋಕೆ.

ಕ್ರಾಪಿಯ ಲೆಕ್ಕ ಬೇರೆ. ಬಾಯಿ ಅಗಲ, ಆದರೆ ತುಟಿ ಕಾಗದದಷ್ಟು ತೆಳು. ಊರ ಹಳ್ಳದಲ್ಲಿ ಬಿದಿರ ಕೋಲು ಹಿಡಿದಿದ್ದಾಗ ಮೀನು ಕಚ್ಚಿದೊಡನೆ ತಲೆ ಮೇಲಿಂದ ಹಿಂದಿನ ದಡಕ್ಕೆ ಎಸೆಯುತ್ತಿದ್ದೆವಲ್ಲ, ಆ ಕೈ ಇಲ್ಲಿ ನಡೆಯಲ್ಲ. ಎಷ್ಟು ಕ್ರಾಪಿಗಳ ತುಟಿ ಹರಿದು ನೀರಿಗೆ ಬಿದ್ದವೋ ಲೆಕ್ಕ ಇಟ್ಟಿಲ್ಲ. ಮಣಿಕಟ್ಟು ಮೆಲ್ಲಗೆ ಎತ್ತಿದರೆ ಸಾಕು, ದಡಕ್ಕೆ ಬಂದ ಮೇಲೆ ಸಣ್ಣ ಬಲೆಯಲ್ಲಿ ಎತ್ತಿ. ಕೊಕ್ಕೆ 4 ಅಥವಾ 6ನೇ ನಂಬರ್, 1/16 ಔನ್ಸ್ ಜಿಗ್ ಆದರೂ ನಡೆಯುತ್ತದೆ. ಜೀವಂತ ಮಿನ್ನೋ (ಎರೆಯಾಗಿ ಮಾರುವ ಪುಟ್ಟ ಮೀನು) ಇದ್ದರೆ ಇನ್ನೂ ಒಳ್ಳೆಯದು. ಇದರ ಕಣ್ಣು ಸದಾ ಮೇಲೆ ನೋಡುತ್ತಿರುತ್ತದೆ. ಹಾಗಾಗಿ ಗಾಳ ಮೀನಿಗಿಂತ ಒಂದಡಿ ಮೇಲಿರಲಿ. ಕೆಳಗೆ ಹೋದರೆ ಕಣ್ಣಿಗೇ ಬೀಳಲ್ಲ. ಹೊತ್ತು ಮುಳುಗುವಾಗ ಹೋಗಿ.

ಮೇ ಕೊನೆ, ಜೂನ್‌ನಲ್ಲಿ ದಡದ ಹತ್ತಿರ ತಟ್ಟೆಯಂಥ ದುಂಡು ಗುಳಿಗಳು ಕಾಣುತ್ತವೆ. ಬ್ಲೂಗಿಲ್ ಮೊಟ್ಟೆ ಇಡುವ ಜಾಗ ಅದು. ಗಂಡು ಮೀನು ಅಲ್ಲೇ ಕಾವಲಿದ್ದು, ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತದೆ. ಹಿಡಿಯೋದು ಬಲು ಸುಲಭ. ಆದರೆ ದೊಡ್ಡ ಗಂಡುಗಳನ್ನೆಲ್ಲ ಮನೆಗೆ ಒಯ್ದರೆ ಚಿಕ್ಕ ಗಂಡುಗಳು ಬೆಳೆಯುವ ಮುಂಚೆಯೇ ಸಂಸಾರ ಹೂಡುತ್ತವೆ. ಕೆರೆ ತುಂಬ ಕುಳ್ಳ ಮೀನೇ ಉಳಿಯುತ್ತದೆ. ದೊಡ್ಡದನ್ನು ಬಿಟ್ಟು ನಡುಗಾತ್ರದ್ದನ್ನು ಇಟ್ಟುಕೊಳ್ಳಿ.

ನಿಮಗೆ ಲೈಸೆನ್ಸ್ ಬೇಕು, ಇಲ್ಲಿನ ನಿವಾಸಿಗಳ 16 ತುಂಬದ ಮಕ್ಕಳಿಗೆ ಬೇಡ. ದಿನಕ್ಕೆ ಎಷ್ಟು ಮೀನು ಅನ್ನೋದು ಕೆರೆಯಿಂದ ಕೆರೆಗೆ ಬದಲಾಗುತ್ತದೆ, ನಿಮ್ಮ ಕೆರೆಯ ಹೆಸರು ಹಾಕಿ ನಿಯಮ ನೋಡಿಕೊಳ್ಳಿ. ಉಳಿದ ಹುಳ, ಮಿನ್ನೋ ಕೆರೆಗೆ ಸುರಿಯಬೇಡಿ, ಕಸದ ಡಬ್ಬಿಗೆ ಹಾಕಿ. ಒಂದು ಕಡೆಯ ಜೀವ ಇನ್ನೊಂದು ಕಡೆಗೆ ಹೋದರೆ ಏನಾಗುತ್ತದೆ ಅನ್ನೋದಕ್ಕೆ ಇದೇ ಬ್ಲೂಗಿಲ್ ಸಾಕ್ಷಿ. 1960ರಲ್ಲಿ ಶಿಕಾಗೋ ಮೇಯರ್ ಇದನ್ನು ಜಪಾನಿನ ಯುವರಾಜ ಅಕಿಹಿಟೋಗೆ ಉಡುಗೊರೆ ಕೊಟ್ಟರು. ಅಲ್ಲಿನ ಕೆರೆಗಳಿಗೆಲ್ಲ ಹಬ್ಬಿ ಸ್ಥಳೀಯ ಮೀನುಗಳಿಗೆ ಕಂಟಕವಾಯಿತು. ಚಕ್ರವರ್ತಿಯಾದ ಮೇಲೆ, 2007ರಲ್ಲಿ, ಅವರೇ ಬಹಿರಂಗವಾಗಿ ಬೇಸರ ಹೇಳಿಕೊಂಡರು.

ಹಿಡಿದ ಮೀನನ್ನು ಮಗಳ ಕೈಗೆ ಕೊಡುವಾಗ ಬೆನ್ನಿನ ಮುಳ್ಳು ನೋಡಿಕೊಳ್ಳಿ. ಕೈ ಒದ್ದೆ ಮಾಡಿಕೊಂಡು ತಲೆ ಕಡೆಯಿಂದ ಬಾಲದ ಕಡೆಗೆ ಸವರಿದರೆ ಮುಳ್ಳು ಮಲಗುತ್ತದೆ. ಅಡುಗೆಗೆ ನಮ್ಮ ರವಾ ಫ್ರೈಗಿಂತ ಒಳ್ಳೆಯದು ನಾನು ಕಂಡಿಲ್ಲ. ಖಾರದಪುಡಿ, ಅರಿಸಿನ, ಹುಣಸೆ, ಉಪ್ಪು ಹಚ್ಚಿ ಅರ್ಧ ಗಂಟೆ ಬಿಟ್ಟು, ಚಿರೋಟಿ ರವೆಯಲ್ಲಿ ಹೊರಳಿಸಿ ಹುರಿಯಿರಿ. ಹುರುಪೆಯನ್ನು ಚಮಚದಲ್ಲಿ ಉಜ್ಜಿದರೆ ಬಿಡುತ್ತದೆ, ಆದರೆ ಆ ಕೆಲಸ ಮಾತ್ರ ಮನೆಯ ಹೊರಗೆ ಮಾಡಿ. ನಾನು ಸಿಂಕಿನಲ್ಲಿ ಮಾಡಿದೆ, ಮೂರು ದಿನ ಆದ ಮೇಲೂ ಕಿಟಕಿ ಪರದೆಯಲ್ಲಿ ಹುರುಪೆ ಸಿಗುತ್ತಿತ್ತು.