ಸೈಕಲ್ ಪ್ರಶ್ನೋತ್ತರ: ತುಳಿದಾಗಲೆಲ್ಲ ಕಟ್ ಕಟ್

ಪ್ರಶ್ನೆ: ಸಾರ್, ನನ್ನದು 20 ಇಂಚಿನ ಚಕ್ರದ ಮಡಚುವ ಸೈಕಲ್ಲು. ವಿಜಯನಗರದಲ್ಲಿ ಮೆಟ್ರೋ ಹತ್ತಿ, ವೈಟ್‌ಫೀಲ್ಡಿನಲ್ಲಿ ಇಳಿದು, ಅಲ್ಲಿಂದ ಆಫೀಸಿಗೆ ತುಳಿದುಕೊಂಡು ಹೋಗುತ್ತೇನೆ. ಮಳೆ ಶುರುವಾದ ಮೇಲೆ ತುಳಿದಾಗಲೆಲ್ಲ ಕಟ್ ಕಟ್ ಅಂತ ಸದ್ದು. ಏರಿನಲ್ಲಿ ಇನ್ನೂ ಜಾಸ್ತಿ. ಪೆಡಲ್ಲಿಗೆ ಎಣ್ಣೆ ಬಿಟ್ಟೆ, ಸ್ವಲ್ಪ ದಿನ ಸುಮ್ಮನಿತ್ತು, ಮತ್ತೆ ಅದೇ ರಾಗ. ಅಂಗಡಿಯವರು ಪೆಡಲ್ ಎರಡೂ ಬದಲಾಯಿಸಿ ಅನ್ನುತ್ತಾರೆ. ಬದಲಾಯಿಸಲೇಬೇಕಾ?
(ಓದುಗರೊಬ್ಬರು, ಬೆಂಗಳೂರು)

ಉತ್ತರ: ಈಗಲೇ ಬೇಡ. ಕಾಲಡಿ ಸದ್ದು ಬಂತು ಅಂದ ಮಾತ್ರಕ್ಕೆ ಪೆಡಲ್ಲೇ ಕಳ್ಳ ಅನ್ನಲು ಆಗುವುದಿಲ್ಲ. ಸೈಕಲ್ಲಿನ ಫ್ರೇಮು ಟೊಳ್ಳು ಕೊಳವೆ, ಎಲ್ಲೋ ಹುಟ್ಟಿದ ಸದ್ದು ಇನ್ನೆಲ್ಲೋ ಕೇಳಿಸುತ್ತದೆ. ಅದರಲ್ಲೂ ಮಡಚುವ ಸೈಕಲ್ಲಿಗೆ ಕೀಲುಗಳೇ ಜಾಸ್ತಿ: ನಡುವೆ ಒಂದು, ಹ್ಯಾಂಡಲ್ ಬುಡದಲ್ಲಿ ಒಂದು, ಪೆಡಲ್ಲುಗಳಲ್ಲಿ ಒಂದೊಂದು, ಜೊತೆಗೆ ಸೀಟು ಕೂರುವ ಮಾರುದ್ದದ ಕೊಳವೆ, ಅಂದರೆ ಸೀಟ್ ಪೋಸ್ಟ್ ಬೇರೆ.

ಮೊದಲು ಗಾಡಿ ಓಡುತ್ತಿರುವಾಗಲೇ ತುಳಿಯುವುದನ್ನು ನಿಲ್ಲಿಸಿ ನೋಡಿ. ಆಗಲೂ ಸದ್ದು ಬರುತ್ತಿದ್ದರೆ ಚಕ್ರದ ಕಡೆ ಹುಡುಕಿ. ತುಳಿದಾಗ ಮಾತ್ರ ಬರುತ್ತಿದ್ದರೆ, ಕಾಲಿನ ಒಂದು ಸುತ್ತಿಗೆ ಎಷ್ಟು ಸಲ ಬರುತ್ತದೆ ಎಣಿಸಿ. ಸುತ್ತಿಗೆ ಒಂದೇ ಸಲ, ಅದೂ ಕಾಲು ಅದೇ ಜಾಗಕ್ಕೆ ಬಂದಾಗ ಅಂದರೆ ಪೆಡಲ್ಲು ಅಥವಾ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಮೇಲೆ ಅನುಮಾನ ಪಡಬಹುದು. ಆಮೇಲೆ ಸೀಟಿನಿಂದ ಎದ್ದು ನಿಂತು ತುಳಿಯಿರಿ. ಸದ್ದು ನಿಂತೇ ಹೋಯಿತಾ? ಹಾಗಾದರೆ ಪೆಡಲ್ ಪಾಪದ್ದು, ಸೀಟ್ ಪೋಸ್ಟ್ ಹೊರಗೆಳೆದು ಒಣಬಟ್ಟೆಯಲ್ಲಿ ಒರೆಸಿ ಹಾಕಿ. ಅದಕ್ಕೆ ಗ್ರೀಸ್ ಮಾತ್ರ ಬೇಡ, ಸೀಟು ದಾರಿಯುದ್ದಕ್ಕೂ ಕೆಳಗಿಳಿಯುತ್ತಾ ಹೋಗುತ್ತದೆ. ಇನ್ನೊಂದು, ಖಾಲಿ ರಸ್ತೆಯಲ್ಲಿ ಬರೀ ಎಡಗಾಲಿನ ಮೇಲೆ ಭಾರ ಹಾಕಿ ತುಳಿಯಿರಿ, ಆಮೇಲೆ ಬರೀ ಬಲಗಾಲು. ಯಾವ ಕಡೆಯದ್ದು ಅಂತ ಅಲ್ಲೇ ಗೊತ್ತಾಗುತ್ತದೆ. ಶೂ ಲೇಸಿನ ತುದಿ ಕ್ರ್ಯಾಂಕಿಗೆ ಬಡಿಯುತ್ತಿದೆಯಾ ಅಂತಲೂ ಒಮ್ಮೆ ನೋಡಿಬಿಡಿ. ನಗಬೇಡಿ, ಎಷ್ಟೋ ಜನರ ಪೆಡಲ್ ಸಮಸ್ಯೆ ಅಷ್ಟೇ ಆಗಿರುತ್ತದೆ.

ಈಗ ನಿಮ್ಮ ಪತ್ರಕ್ಕೆ ಬರೋಣ. ಏರಿನಲ್ಲಿ ಜಾಸ್ತಿ ಅಂದರೆ ಭಾರ ಬಿದ್ದಾಗ ಯಾವುದೋ ಜೋಡಣೆ ಕದಲುತ್ತಿದೆ. ಎಣ್ಣೆ ಬಿಟ್ಟಾಗ ಸುಮ್ಮನಾಗಿ ಮತ್ತೆ ಶುರುವಾಯಿತು ಅಂದರೆ ಆ ಜೋಡಣೆ ಒಣಗಿದೆ, ತೆಳು ಎಣ್ಣೆ ಅಲ್ಲಿ ನಿಲ್ಲುತ್ತಿಲ್ಲ. ನನ್ನ ಅನುಮಾನ, ಪೆಡಲ್ ಕ್ರ್ಯಾಂಕಿಗೆ ಕೂರುವ ಥ್ರೆಡ್ಡಿನ, ಅಂದರೆ ತಿರುಪಿನ ಸುತ್ತುಗಳ ಮೇಲೆ. ಪೆಡಲ್ಲಿನ ನಡುವಿನ ಉಕ್ಕಿನ ಕಡ್ಡಿ (ಆಕ್ಸಲ್), ಅಲ್ಯೂಮಿನಿಯಂ ಕ್ರ್ಯಾಂಕ್, ನಡುವೆ ಗ್ರೀಸ್ ಇಲ್ಲ, ಮೇಲಿಂದ ಮಳೆನೀರು. ಕಟ್ ಅನ್ನದೆ ಇನ್ನೇನು ಮಾಡುತ್ತದೆ?

15 ಎಂಎಂ ಪಾನಾ ಬೇಕು. ಕೆಲವು ಪೆಡಲ್ಲಿಗೆ ಕ್ರ್ಯಾಂಕಿನ ಹಿಂಬದಿಯಿಂದ 6 ಅಥವಾ 8 ಎಂಎಂ ಅಲೆನ್ ಕೀ. ಎಡ ಪೆಡಲ್ಲಿನ ಥ್ರೆಡ್ ಉಲ್ಟಾ ಇರುತ್ತದೆ, ಇಲ್ಲದಿದ್ದರೆ ತುಳಿಯುತ್ತಾ ತುಳಿಯುತ್ತಾ ತಾನಾಗಿಯೇ ಬಿಚ್ಚಿಕೊಳ್ಳುತ್ತಿತ್ತು. ಎಡ ಬಲ ಅಂತ ತಲೆ ಕೆಡಿಸಿಕೊಳ್ಳುವುದೇ ಬೇಡ, ಪಾನಾದ ಹಿಡಿ ಮೇಲಕ್ಕೆ ಬರುವಂತೆ ಹಾಕಿ, ಹಿಂದಿನ ಚಕ್ರದ ಕಡೆ ಎಳೆದರೆ ಎರಡೂ ಬಿಚ್ಚುತ್ತವೆ, ಮುಂದಿನ ಚಕ್ರದ ಕಡೆ ತಳ್ಳಿದರೆ ಎರಡೂ ಬಿಗಿಯಾಗುತ್ತವೆ. ಬಿಚ್ಚಿದ ಮೇಲೆ ಥ್ರೆಡ್ಡನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಕ್ರ್ಯಾಂಕಿನ ತೂತಿನೊಳಗೂ ಬಟ್ಟೆ ಆಡಿಸಿ. ಕಪ್ಪು ಮಣ್ಣು ಎಷ್ಟು ಬರುತ್ತದೆ ನೋಡಿ! ಬೈಕಿಗೆ ಹಾಕುವ ಸಾಮಾನ್ಯ ಗ್ರೀಸ್ ತೆಳ್ಳಗೆ ಸವರಿ. ಮೊದಲ ನಾಲ್ಕೈದು ಸುತ್ತು ಬರೀ ಬೆರಳಲ್ಲೇ ತಿರುಗಿಸಿ. ಬೆರಳಿಗೆ ಬಗ್ಗದಿದ್ದರೆ ಓರೆಯಾಗಿ ಕೂತಿದೆ ಅಂತ ಅರ್ಥ, ಅಲ್ಲೇ ನಿಲ್ಲಿಸಿ. ಆಗ ಪಾನಾ ಹಾಕಿ ಬಲವಾಗಿ ತಿರುಗಿಸಿದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತುಬರುತ್ತದೆ, ಕ್ರ್ಯಾಂಕೇ ಹೋಯಿತು.

ಪೆಡಲ್ ಮಡಚುವ ಕೀಲನ್ನೂ ಒರೆಸಿ, ಪಿನ್ನಿಗೆ ಒಂದೆರಡು ಹನಿ ಗಟ್ಟಿ ಎಣ್ಣೆ ಬಿಡಿ. ಅಲ್ಲಿ ಸ್ವಲ್ಪ ಅಲುಗಾಟ ಸಹಜ. ಆದರೆ ತೆರೆದಾಗ ಟಕ್ ಅಂತ ಲಾಕ್ ಆಗದಿದ್ದರೆ ಅದರ ಮೇಲೆ ತುಳಿಯಬೇಡಿ, ಕಾಲಡಿಯಲ್ಲೇ ಮಡಚಿಕೊಂಡೀತು. ಅಂಥದ್ದನ್ನು ಮಾತ್ರ ಬದಲಾಯಿಸಿ.

ಇಷ್ಟಾದರೂ ಸದ್ದು ಹೋಗದಿದ್ದರೆ ಬ್ರೇಕ್ ಹಿಡಿದು ಕ್ರ್ಯಾಂಕನ್ನೇ ಒಳಗೆ ಹೊರಗೆ ಅಲ್ಲಾಡಿಸಿ. ಲೊಡಲೊಡ ಅಂದರೆ ಅದರ ಬೋಲ್ಟ್ ಸಡಿಲ ಇರಬಹುದು, ಇವತ್ತೇ ನೋಡಿಸಿ ಬಿಗಿ ಮಾಡಿಸಿ. ಸಡಿಲ ಕ್ರ್ಯಾಂಕನ್ನೇ ತುಳಿಯುತ್ತಾ ಓಡಾಡಿದರೆ ಅದರ ಚೌಕ ತೂತು ಸವೆದು ಅಗಲವಾಗುತ್ತದೆ, ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲುವುದಿಲ್ಲ.

ಅಂದ ಹಾಗೆ ಹೊಸ ಪೆಡಲ್ ಹಾಕಿಸಿದರೂ ಬಹುಶಃ ಸದ್ದು ನಿಲ್ಲುತ್ತದೆ. ಯಾಕೆಂದರೆ ಹಾಕುವಾಗ ಅವರು ಥ್ರೆಡ್ಡಿಗೆ ಗ್ರೀಸ್ ಹಚ್ಚುತ್ತಾರೆ!

ಪ್ರಶ್ನೆ: ನನ್ನ ಪೆಡಲ್ ಕೈಯಲ್ಲಿ ತಿರುಗಿಸಿದರೆ ಗರಗರ ಅನ್ನುತ್ತದೆ, ಆಕಡೆ ಈಕಡೆ ಅಲ್ಲಾಡುತ್ತದೆ ಕೂಡ. ತುಕ್ಕಿಗೆ ಹೊಡೆಯುವ ಸ್ಪ್ರೇ ಹೊಡೆದರೆ ಸಾಕಾ?
(ಓದುಗರೊಬ್ಬರು, ಉಡುಪಿ)

ಉತ್ತರ: ಸಾಕಾಗುವುದಿಲ್ಲ, ಕೆಟ್ಟದ್ದೇ ಆಗುತ್ತದೆ. ಆ ಸ್ಪ್ರೇ ಒಳಗೆ ಉಳಿದಿರುವ ಅಷ್ಟಿಷ್ಟು ಗ್ರೀಸನ್ನೂ ತೊಳೆದು ಹಾಕುತ್ತದೆ. ಪೆಡಲ್ಲಿನ ಹೊರತುದಿಯಲ್ಲಿ ಸಣ್ಣ ಮುಚ್ಚಳ ಇದೆಯಾ ನೋಡಿ. ಇದ್ದರೆ ಬಿಚ್ಚಬಹುದು. ಕೆಳಗೆ ತಟ್ಟೆ ಇಟ್ಟುಕೊಂಡೇ ಬಿಚ್ಚಿ, ಒಳಗಿನ ಗುಂಡುಗಳು ಉದುರಿ ಮಂಚದಡಿ ಸೇರಿದರೆ ಸಿಗುವುದಿಲ್ಲ. ನಟ್, ವಾಷರ್, ಕೋನ್ (ಗುಂಡುಗಳನ್ನು ಒತ್ತಿ ಹಿಡಿಯುವ ಬಿಲ್ಲೆ) ಈ ಕ್ರಮದಲ್ಲಿ ಬರುತ್ತವೆ. ಎಲ್ಲವನ್ನೂ ಸೀಮೆಎಣ್ಣೆಯಲ್ಲೋ ಡೀಸೆಲ್ಲಿನಲ್ಲೋ ತೊಳೆದು ಒಣಗಿಸಿ, ಪೆಡಲ್ಲಿನೊಳಗೆ ಗುಂಡುಗಳು ಕೂರುವ ಬಟ್ಟಲಿಗೆ ಗ್ರೀಸ್ ತುಂಬಿ, ಗುಂಡುಗಳನ್ನು ಅದರಲ್ಲೇ ಅಂಟಿಸುತ್ತಾ ಕೂರಿಸಿ. ಕೋನ್ ಬಿಗಿ ಮಾಡುವುದೇ ನಾಜೂಕು ಕೆಲಸ: ಪೆಡಲ್ ಅಲ್ಲಾಡಲೂ ಬಾರದು, ತಿರುಗುವಾಗ ಬಿಗಿಯಾಗಲೂ ಬಾರದು. ಆ ಹದ ಸಿಕ್ಕ ಮೇಲೆ ಕೋನ್ ಕದಲದಂತೆ ಹಿಡಿದು ಮೇಲಿನ ನಟ್ ಬಿಗಿ ಮಾಡಿ. ಒಂದೆರಡು ಸಲ ತಪ್ಪುತ್ತದೆ, ಬೇಜಾರಾಗಬೇಡಿ. ಕೋನಿನ ಮೈ ಗುಳಿಗುಳಿಯಾಗಿದ್ದರೆ ಅಥವಾ ಮುಚ್ಚಳವೇ ಇಲ್ಲದ ಪ್ಲಾಸ್ಟಿಕ್ ಪೆಡಲ್ ಆಗಿದ್ದರೆ ಹೊಸದು ತರುವುದೇ ಒಳ್ಳೆಯದು.

ಪ್ರಶ್ನೆ: ಮಡಚುವ ಪೆಡಲ್ ತೆಗೆದು ಮಾಮೂಲಿ ಪೆಡಲ್ ಹಾಕಬಹುದಾ?

ಉತ್ತರ: ಧಾರಾಳವಾಗಿ. ದೊಡ್ಡವರ ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಪೆಡಲ್ ಥ್ರೆಡ್ 9/16 ಇಂಚು, ನಿಮ್ಮದೂ ಅದೇ ಇರುತ್ತದೆ. ಮಡಚಿದಾಗ ಒಂದಷ್ಟು ಅಗಲ ಜಾಸ್ತಿಯಾಗುತ್ತದೆ, ಮೆಟ್ರೋ ರಶ್ಶಿನಲ್ಲಿ ಪಕ್ಕದವರ ಮೊಣಕಾಲಿಗೆ ತಾಗುತ್ತದೆ. ಬ್ರಾಂಪ್ಟನ್ ಕಂಪನಿಯ ಮಡಚುವ ಸೈಕಲ್ಲಿನಲ್ಲಿ ಎಡಗಡೆ ಮಾತ್ರ ಮಡಚುವ ಪೆಡಲ್ ಇರುತ್ತದೆ, ಬಲಗಡೆಯದ್ದು ಮಾಮೂಲಿ. ನಿಮ್ಮ ಸೈಕಲ್ಲು ಮಡಚಿದಾಗ ಯಾವ ಪೆಡಲ್ ಹೊರಗೆ ಚಾಚುತ್ತದೆ ನೋಡಿ, ಅದೊಂದನ್ನು ಉಳಿಸಿಕೊಂಡು ಇನ್ನೊಂದನ್ನು ಬದಲಾಯಿಸಿದರೂ ನಡೆಯುತ್ತದೆ.