ಬಿಪಿ ಮಾತ್ರೆ ಬಿಡುವ ಮುನ್ನ ಉಪ್ಪಿನ ಪೊಟ್ಟಣ ನೋಡಿ

ಪ್ರಶ್ನೆ: ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ವ್ಯಾಪಾರ, ವಯಸ್ಸು 46. ಬಿಪಿ 152/96 ಇತ್ತು. ಎರಡು ತಿಂಗಳು ಮಾತ್ರೆ ತಗೊಂಡ ಮೇಲೆ 128/82ಕ್ಕೆ ಇಳಿಯಿತು. ನಾರ್ಮಲ್ ಆಯಿತಲ್ಲ ಎಂದು ಬಿಟ್ಟೆ. ನನಗಿರುವುದು ಬರೀ ಟೆನ್ಶನ್. ಈಗ ಬೆಳಗ್ಗೆ ಬೆಳ್ಳುಳ್ಳಿ, ನುಗ್ಗೆಸೊಪ್ಪಿನ ರಸ, ಒಂದು ಕಷಾಯದ ಪುಡಿ ತಗೊಳ್ತಿದ್ದೇನೆ. ನೈಸರ್ಗಿಕವಾಗಿಯೇ ಗುಣಪಡಿಸಿಕೊಳ್ಳುವುದು ಹೇಗೆ?

ಉತ್ತರ: ಅಂಕಿ ಮಾತ್ರ ಬದಲಾಗಿ ಇದೇ ಪತ್ರ ಮತ್ತೆ ಮತ್ತೆ ಬರುತ್ತದೆ. ಅದಕ್ಕೇ ಈ ಸಲ ಹೆಚ್ಚಿನ ಜಾಗ ಇದಕ್ಕೇ.

128/82 ಬಂದದ್ದು ಮಾತ್ರೆಯಿಂದ. ಮೋಟಾರು ಓಡುತ್ತಿದ್ದಾಗ ಬಾವಿ ನೀರು ಇಳಿದಿತ್ತು. ಮೋಟಾರು ಆರಿಸಿದಿರಿ, ನೀರು ಮತ್ತೆ ಏರುತ್ತದೆ. ಏರಿದ್ದು ನಿಮಗೆ ತಿಳಿಯುವುದೂ ಇಲ್ಲ, ಏಕೆಂದರೆ ಬಿಪಿಗೆ ಸಾಮಾನ್ಯವಾಗಿ ಲಕ್ಷಣವೇ ಇರುವುದಿಲ್ಲ. ತಲೆ ಸುತ್ತಿದ ದಿನ ಮಾತ್ರ ಮಾತ್ರೆ ನುಂಗುವವರು ದಯವಿಟ್ಟು ಇದನ್ನು ಎರಡು ಸಲ ಓದಿ.

ಟೆನ್ಶನ್ ಬಿಪಿಯನ್ನು ಏರಿಸುತ್ತದೆ, ಸುಳ್ಳಲ್ಲ. ಆದರೆ ಆ ಏರಿಕೆ ಕೆಲವು ನಿಮಿಷ, ಹೆಚ್ಚೆಂದರೆ ಕೆಲವು ತಾಸು. ವರ್ಷಗಟ್ಟಲೆ ಕೂರುವ ಬಿಪಿಗೆ ವಂಶ, ವಯಸ್ಸು, ತೂಕ, ಉಪ್ಪು, ಮದ್ಯ, ಕೆಟ್ಟ ನಿದ್ದೆ ಕಾರಣ. ಒತ್ತಡ ಹಿಂಬಾಗಿಲಿನಿಂದ ಬರುತ್ತದೆ: ದರ ಬಿದ್ದ ದಿನ ನಿದ್ದೆ ಐದು ತಾಸಿಗೆ ಇಳಿಯುತ್ತದೆ, ಗುಟ್ಕಾ ಎರಡು ಪೊಟ್ಟಣ ಜಾಸ್ತಿ, ಸಂಜೆ ಮಂಡಕ್ಕಿ ಜೊತೆ ನಾಲ್ಕು ಮಿರ್ಚಿ. ಜೋರು ಗೊರಕೆ ಇದ್ದು, ನಡುವೆ ಉಸಿರು ನಿಂತು ಬೆಚ್ಚಿ ಏಳುತ್ತೀರಿ ಎಂದು ಮನೆಯವರು ಹೇಳಿದರೆ ಅದನ್ನೂ ವೈದ್ಯರಿಗೆ ಹೇಳಿ. ಅದೊಂದೇ ಬಿಪಿಯನ್ನು ಮೇಲೆ ಹಿಡಿದಿಡಬಲ್ಲದು.

ಮೊದಲು ಸರಿಯಾಗಿ ಅಳೆಯಿರಿ. ತೋಳಿಗೆ ಕಟ್ಟುವ ಯಂತ್ರ ಬೇಕು, ಮಣಿಕಟ್ಟಿನದು ಬೇಡ. ಅರ್ಧ ತಾಸು ಮುಂಚಿನಿಂದ ಕಾಫಿ, ಚಹಾ, ಬೀಡಿ, ಗುಟ್ಕಾ ಇಲ್ಲ. ಮೂತ್ರ ಮಾಡಿ ಬನ್ನಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಿ, ಫೋನೂ ಬೇಡ. ಪಟ್ಟಿ ಬರಿಯ ತೋಳಿಗೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ. ಕೈ ಮೇಜಿನ ಮೇಲೆ, ಎದೆಯ ಮಟ್ಟಕ್ಕೆ. ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಗ್ಗೆ ತಿಂಡಿ ಮತ್ತು ಮಾತ್ರೆಗೆ ಮುಂಚೆ, ಮತ್ತೆ ಸಂಜೆ. ಹೀಗೆ 7 ದಿನ ಅಳೆದು, ಮೊದಲ ದಿನದ್ದನ್ನು ಬಿಟ್ಟು, ಉಳಿದ 24 ಅಂಕಿಗಳ ಸರಾಸರಿ ತೆಗೆಯಿರಿ. ಮನೆಯ ಸರಾಸರಿ 135/85 ಅಥವಾ ಹೆಚ್ಚಿದ್ದರೆ ಅದು ಬಿಪಿಯೇ. ಆಸ್ಪತ್ರೆಯಲ್ಲಿ ಈ ಗೆರೆ 140/90. ಕೈ ಜೋತುಬಿದ್ದರೆ, ಮಾತಾಡಿದರೆ, ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಅಂಕಿ ಸುಳ್ಳು ಏರುತ್ತದೆ. ಬಿಸಿಲಲ್ಲಿ ಬಂದು ಮೆಡಿಕಲ್ ಶಾಪಿನಲ್ಲಿ ನಿಂತುಕೊಂಡೇ ಅಳೆಸಿದ ಅಂಕಿಯನ್ನು ನನಗೆ ಬರೆದು ಕಳಿಸಬೇಡಿ.

ಇನ್ನು ಉಪ್ಪು. ನುಗ್ಗೆಸೊಪ್ಪಿನ ಬಗ್ಗೆ ಬರೆದವರು ಉಪ್ಪಿನ ಬಗ್ಗೆ ಒಂದಕ್ಷರ ಬರೆದಿಲ್ಲ. ತಲೆಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಮಟ್ಟಸವಾದ ಒಂದು ಟೀ ಚಮಚ. ಸಾರು, ಪಲ್ಯ, ಉಪ್ಪಿನಕಾಯಿ, ಬೇಕರಿ ಖಾರ ಎಲ್ಲ ಸೇರಿ ಅಷ್ಟೇ. ಚಮಚದ ಲೆಕ್ಕ ಯಾರೂ ಇಡುವುದಿಲ್ಲ, ಪೊಟ್ಟಣದ ಲೆಕ್ಕ ಇಡಿ. 1 ಕಿಲೋ ಪೊಟ್ಟಣ ಒಡೆದ ದಿನವೇ ಅದರ ಮೇಲೆ ತಾರೀಖು ಬರೆಯಿರಿ. ನಾಲ್ಕು ಜನರ ಮನೆಯಲ್ಲಿ ಅದು ಕನಿಷ್ಠ 50 ದಿನ ಬರಬೇಕು. 25 ದಿನಕ್ಕೆ ಖಾಲಿಯಾದರೆ ತಲೆಗೆ 10 ಗ್ರಾಂ ಬಿದ್ದಿದೆ, ಹೊರಗೆ ತಿಂದದ್ದು ಬೇರೆ. ಒಮ್ಮೆಲೇ ಅರ್ಧ ಮಾಡಿದರೆ ಮನೆಯವರು ಮೂರನೇ ದಿನ ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಕೇಳುತ್ತಾರೆ. ಎರಡು ವಾರಕ್ಕೊಮ್ಮೆ ಕಾಲು ಭಾಗ ಇಳಿಸಿ, ನಾಲಿಗೆ ಹೊಂದಿಕೊಳ್ಳುತ್ತದೆ. ನಿಂಬೆ, ಹುಣಸೆ, ಜೀರಿಗೆ, ಕೊತ್ತಂಬರಿ ಮುಂದೆ ಮಾಡಿ. ಅನ್ನಕ್ಕೂ ಮಜ್ಜಿಗೆಗೂ ಉಪ್ಪು ಬೇಡವೇ ಬೇಡ. ಹಪ್ಪಳದ ಹಿಟ್ಟಿಗೆ ಹಾಕುವ ಕ್ಷಾರ, ಮಿರ್ಚಿ ಹಿಟ್ಟಿಗೆ ಹಾಕುವ ಸೋಡಾ ಕೂಡ ಸೋಡಿಯಮ್ಮೇ, ಉಪ್ಪಿನಲ್ಲಿ ಬಿಪಿ ಏರಿಸುವ ಅಂಶವೇ ಅದು. ಬೆಣ್ಣೆದೋಸೆ ಬಿಡಿ ಎಂದು ದಾವಣಗೆರೆಯವರಿಗೆ ನಾನು ಹೇಳುವುದಿಲ್ಲ, ತಿಂಗಳಿಗೆರಡು ಸಲ ಸಾಕು. ಸುಡುಬಿಸಿಲಲ್ಲಿ ಹೊಲದ ಕೆಲಸ ಮಾಡುವವರು ಮಾತ್ರ ವೈದ್ಯರನ್ನು ಕೇಳದೆ ಉಪ್ಪನ್ನು ವಿಪರೀತ ಇಳಿಸಬಾರದು.

ಸೈಂಧವ ಲವಣವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ದುಬಾರಿ, ಸಾಮಾನ್ಯವಾಗಿ ಅಯೋಡಿನ್ ಸೇರಿಸಿರುವುದಿಲ್ಲ. 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದರೆ, ಅಥವಾ ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುತ್ತಿದ್ದರೆ, ವೈದ್ಯರನ್ನು ಕೇಳದೆ ಅದನ್ನು ಮುಟ್ಟಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ.

ನಿಮ್ಮ ಕಷಾಯದ ಪುಡಿಯಲ್ಲಿ ಅತಿಮಧುರ ಇದೆಯೇ ನೋಡಿ. ಜ್ಯೇಷ್ಠಮಧು ಅಂದರೂ ಅದೇ. ದಿನವೂ ತಗೊಂಡರೆ ಬಿಪಿಯನ್ನು ಏರಿಸುತ್ತದೆ, ಪೊಟ್ಯಾಸಿಯಂ ಇಳಿಸುತ್ತದೆ. ನೈಸರ್ಗಿಕವಾದದ್ದೆಲ್ಲ ನಿರಪಾಯ ಎನ್ನುವವರಿಗೆ ಈ ಅತಿಮಧುರದ ಬೇರೇ ಉತ್ತರ. ಬೆನ್ನುನೋವಿಗೆಂದು ತಿಂಗಳುಗಟ್ಟಲೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಬಿಪಿ ಏರಿಸುತ್ತವೆ, ಕಿಡ್ನಿಗೂ ಪೆಟ್ಟು. ಬೆಳ್ಳುಳ್ಳಿಯಿಂದ ಸ್ವಲ್ಪ ಅನುಕೂಲ ಇರಬಹುದು, ಒಗ್ಗರಣೆಗೆ ಹಾಕಿ. ನುಗ್ಗೆಸೊಪ್ಪು ಪಲ್ಯ ಮಾಡಿ ತಿನ್ನಿ. ಎರಡೂ ಮಾತ್ರೆಯ ಬದಲಿ ಅಲ್ಲ.

ನಡಿಗೆ ವಾರಕ್ಕೆ 5 ದಿನ, 30 ನಿಮಿಷ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ. ಕುಂದವಾಡ ಕೆರೆ ಏರಿಯ ಮೇಲೆ ನಿಂತು ಹರಟುವುದು ಈ ಲೆಕ್ಕಕ್ಕಿಲ್ಲ. ಬಿಪಿ 180/110 ದಾಟಿದ್ದವರು ಮೊದಲು ಅದನ್ನು ಇಳಿಸಿಕೊಳ್ಳಿ, ಚಿತ್ರದುರ್ಗದ ಕೋಟೆ ಆಮೇಲೆ ಹತ್ತಬಹುದು. ತೂಕ ಹೆಚ್ಚಿದ್ದವರಿಗೆ 1 ಕಿಲೋ ಇಳಿದರೆ ಮೇಲಿನ ಅಂಕಿ ಸುಮಾರು 1 ಇಳಿಯುತ್ತದೆ. ಉಸಿರಾಟ: 4 ಸೆಕೆಂಡು ಒಳಗೆ, 6 ಸೆಕೆಂಡು ಹೊರಗೆ, 10 ನಿಮಿಷ. ಉಸಿರು ಕಟ್ಟಿ ಹಿಡಿಯುವ ಕುಂಭಕ, ರಭಸದ ಭಸ್ತ್ರಿಕಾ ಹತೋಟಿಗೆ ಬಾರದ ಬಿಪಿಯವರಿಗೆ ಸಲ್ಲ.

ನೀವು ಮಾಡಬೇಕಾದ್ದು ಇಷ್ಟು: ವೈದ್ಯರ ಬಳಿ ಹೋಗಿ ಮಾತ್ರೆ ಮತ್ತೆ ಶುರು ಮಾಡಿ. ಜೊತೆಗೇ ಇದೆಲ್ಲವನ್ನೂ ಮೂರು ತಿಂಗಳು ಪಾಲಿಸಿ, 7 ದಿನದ ಪಟ್ಟಿ ಹಿಡಿದು ಮತ್ತೆ ಹೋಗಿ. ಮನೆಯ ಸರಾಸರಿ ಚೆನ್ನಾಗಿ ಇಳಿದಿದ್ದರೆ ಪ್ರಮಾಣ ಕಡಿಮೆ ಮಾಡಬಹುದೇ ಎಂದು ಅವರೇ ನೋಡುತ್ತಾರೆ. ಕೆಲವರಿಗೆ ಮಾತ್ರೆ ಬಿಟ್ಟೂ ಹೋಗುತ್ತದೆ, ಎಲ್ಲರಿಗೂ ಅಲ್ಲ. ಎದೆನೋವು, ತೊದಲು ಮಾತು, ಮುಖ ಸೊಟ್ಟಗಾಗುವುದು, ಒಂದು ಕಡೆಯ ಕೈಕಾಲು ಸೋಲುವುದು ಕಂಡರೆ ನಿಂಬೆರಸ ಕುಡಿಸುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಹೊಸದುರ್ಗದ ಸಾಮೆ, ನವಣೆ ತಿನ್ನುತ್ತಿದ್ದೇನೆ. ಶುಗರ್ ಮಾತ್ರೆ ಬಿಡಬಹುದೇ?

ಉತ್ತರ: ಬೇಡ. ಅವುಗಳಲ್ಲೂ ತೂಕದ ಅರ್ಧಕ್ಕಿಂತ ಹೆಚ್ಚು ಪಿಷ್ಟವೇ. ನಾರು ಹೆಚ್ಚು, ನಿಜ. ಆದರೆ ತಟ್ಟೆ ತುಂಬ ಬಡಿಸಿಕೊಂಡರೆ ಶುಗರ್ ಏರುತ್ತದೆ.

ಪ್ರಶ್ನೆ: ಟೆನ್ಶನ್ ಇಳಿಯಲು ರಾತ್ರಿ ಎರಡು ಪೆಗ್ ಒಳ್ಳೆಯದಂತೆ?

ಉತ್ತರ: ಅಲ್ಲ. ನಿದ್ದೆಯನ್ನೂ ಕೆಡಿಸುತ್ತದೆ, ಬಿಪಿಯನ್ನೂ ಏರಿಸುತ್ತದೆ.

ಪ್ರಶ್ನೆ: ಚಿತ್ರದುರ್ಗದ ಕಡೆ ಹಳ್ಳಿ, ಬೋರ್‌ವೆಲ್ ನೀರು. ತಾಮ್ರದ ಚೊಂಬಿನಲ್ಲಿಟ್ಟು ಕುಡಿದರೆ ಶುದ್ಧವೇ?

ಉತ್ತರ: ನಿಮ್ಮ ಕಡೆಯ ಬೋರ್‌ವೆಲ್ ನೀರಿನ ಚಿಂತೆ ಫ್ಲೋರೈಡ್, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಲವಣ. ಅದು ತಾಮ್ರದಿಂದ ಹೋಗುವುದಿಲ್ಲ. ಕುದಿಸಿದರೆ ಇನ್ನೂ ಗಟ್ಟಿಯಾಗುತ್ತದೆ. ನೀರು ಪರೀಕ್ಷೆ ಮಾಡಿಸಿ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದರೆ ಕುಡಿಯಲು, ಅಡುಗೆಗೆ ಬೇರೆ ನೀರು ತನ್ನಿ.

ಪ್ರಶ್ನೆ: ಸಂತೆಯಲ್ಲಿ ಕೊಂಡ ಮಂಡಿನೋವಿನ ಪುಡಿಯಿಂದ ವಾರದಲ್ಲೇ ಅಮ್ಮನ ನೋವು ಮಾಯ. ಹಸಿವು ಹೆಚ್ಚಿದೆ, ಮುಖವೂ ತುಂಬಿಕೊಂಡಿದೆ. ಮುಂದುವರಿಸಲೇ?

ಉತ್ತರ: ಆ ತುಂಬಿದ ಮುಖ ಆರೋಗ್ಯವಲ್ಲ, ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರುವುದರ ಗುರುತಾಗಿರಬಹುದು. ಹೆಸರಿಲ್ಲದ ಪೊಟ್ಟಣದಲ್ಲಿ ಇದನ್ನು ತುಂಬಿ 'ಬರೀ ಬೇರು ನಾರು' ಎಂದು ಮಾರುವುದು ಅಪರಾಧ. ಶುಗರ್, ಬಿಪಿ ಏರುತ್ತವೆ, ಮೂಳೆ ಸವೆಯುತ್ತದೆ. ಆದರೆ ನೀವಾಗಿಯೇ ಪಟ್ಟನೆ ನಿಲ್ಲಿಸಬೇಡಿ. ವಾರಗಟ್ಟಲೆ ತಗೊಂಡಿದ್ದರೆ ಮೈಯ ಸ್ವಂತ ಹಾರ್ಮೋನು ತಯಾರಿಕೆ ಮಲಗಿರುತ್ತದೆ, ಹಠಾತ್ತನೆ ನಿಲ್ಲಿಸಿದರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು. ನಾಳೆಯೇ ಅಮ್ಮನನ್ನು ವೈದ್ಯರ ಬಳಿ ಕರೆದೊಯ್ಯಿರಿ, ಉಳಿದ ಪುಡಿಯನ್ನು ಪೊಟ್ಟಣದ ಸಮೇತ ಜೊತೆಗೆ ಒಯ್ಯಿರಿ.